ಬಾವಿಗೆ ಬಿದ್ದ ವಸ್ತುವನ್ನು ಅಯಸ್ಕಾಂತದಿಂದ ಎತ್ತುವವರಿಗೊಂದು ಸಲಹೆ

ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಆಳವಾದ ಮುರಕಲ್ಲಿನ ಬಾವಿಗಳಿಗೆ ಪಾತ್ರೆಯೋ ಕತ್ತಿಯೋ ಬಿದ್ದಾಗ, ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಇಳಿಸುವ ಮೊದಲು ಬಿದ್ದದ್ದು ಯಾವ ಲೋಹದ್ದೆಂದು ದಯವಿಟ್ಟು ವಿಚಾರಿಸಿಕೊಳ್ಳಿ. ಕಬ್ಬಿಣದ ವಸ್ತು ಬಲವಾಗಿ ಅಂಟಿಕೊಳ್ಳುತ್ತದೆ. ತಾಮ್ರದ ಕೊಡಪಾನ, ಅಲ್ಯೂಮಿನಿಯಂ ಪಾತ್ರೆ, ಚಿನ್ನದ ಉಂಗುರ ಇವು ಎಷ್ಟೇ ದೊಡ್ಡ ಅಯಸ್ಕಾಂತಕ್ಕೂ ಅಂಟುವುದಿಲ್ಲ. ಸ್ಟೀಲಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: ನಿಕ್ಕಲ್ ಬೆರೆತ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಅಂಟುವುದಿಲ್ಲ, 430 ದರ್ಜೆಯದು ಅಂಟುತ್ತದೆ, ಆದ್ದರಿಂದ ಮನೆಯಲ್ಲಿರುವ ಅದೇ ಬಗೆಯ ಇನ್ನೊಂದು ಪಾತ್ರೆಯನ್ನು ಮೊದಲು ಪರೀಕ್ಷಿಸುವುದು ಉತ್ತಮ. ನೀರು ಕಾಂತಕ್ಷೇತ್ರವನ್ನು ತಡೆಯುವುದಿಲ್ಲವಾದರೂ ದೂರ ಹೆಚ್ಚಿದಂತೆ ಸೆಳೆತ ಬಹುಬೇಗ ಕುಗ್ಗುವುದರಿಂದ, ಅಯಸ್ಕಾಂತವು ವಸ್ತುವನ್ನು ಮುಟ್ಟುವವರೆಗೂ ಅದನ್ನು ತಳದಲ್ಲಿ ನಿಧಾನವಾಗಿ ಆಡಿಸಬೇಕು. ಬಲವಾದ ನಿಯೋಡೈಮಿಯಂ ಅಯಸ್ಕಾಂತವನ್ನು ಪೇಸ್‌ಮೇಕರ್ ಅಳವಡಿಸಿಕೊಂಡವರ ಹತ್ತಿರ ಒಯ್ಯಲೇಬಾರದು.