ಘಟ್ಟದ ಮೇಲಿನ ಮೀನಂಗಡಿ ಮತ್ತು ಕಡಲಿನ ಕಾನೂನು

ಹಾಸನದಲ್ಲಿ ಅಂಗಡಿ ಇಟ್ಟು ಕಡಲ ಮೀನು ಮಾರುವವನಿಗೂ ಅಕ್ರಮ ಮೀನುಗಾರಿಕೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಬೋಟು, ಬಲೆ, ಬಂದರು ಯಾವುದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಮತ್ತು ಮಲ್ಪೆಯಲ್ಲಿ ಬೆಳಗಿನ ಜಾವ ಹರಾಜಾಗುವ ಮೀನಿನ ಒಂದು ಪಾಲು ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಆಲೂರು, ಹಾಸನದ ಅಂಗಡಿಗಳಿಗೆ ಬರುತ್ತದೆ. ಹೀಗೆ ಬರುವ ಮೀನನ್ನು ಎಲ್ಲಿ, ಯಾವ ಬೋಟಿನವರು, ಯಾವ ಬಲೆಯಲ್ಲಿ ಹಿಡಿದರು ಎಂದು ಕೇಳುವವರು ದಾರಿಯುದ್ದಕ್ಕೂ ಒಬ್ಬರೂ ಇಲ್ಲ. ಹಾಗಾಗಿ ಹಿಡಿಯಬಾರದ ಮೀನು ಸದ್ದಿಲ್ಲದೆ ಮಾರಾಟವಾಗಿ ಮುಗಿಯುವ ಜಾಗಗಳಲ್ಲಿ ನಮ್ಮಂತಹ ಒಳನಾಡಿನ ಪೇಟೆಗಳೂ ಸೇರಿವೆ ಎಂಬುದು ನನಗೆ ವ್ಯಾಪಾರ ಮಾಡುತ್ತ ಮನವರಿಕೆಯಾದ ಸಂಗತಿ. ನನ್ನ ಅಂಗಡಿಯ ಮಟ್ಟಿಗೆ ಇದನ್ನು ತಡೆಯಲು ನಾನು ಏನು ಮಾಡಿದೆ, ಎಷ್ಟು ಸಾಧ್ಯವಾಯಿತು, ಎಲ್ಲಿ ಸಾಧ್ಯವಾಗಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಈ ಯೋಚನೆ ಹುಟ್ಟಿದ್ದು ರಫ್ತು ವ್ಯವಹಾರ ಮಾಡುವವರ ಕಾಗದಪತ್ರಗಳನ್ನು ನೋಡಿದಾಗ. ಐರೋಪ್ಯ ಒಕ್ಕೂಟವು 2010ರ ಜನವರಿಯಿಂದ, ಮೀನು ಹಿಡಿದ ಬೋಟಿನ ವಿವರವಿರುವ ಪ್ರಮಾಣಪತ್ರವಿಲ್ಲದೆ ಕಡಲ ಮೀನನ್ನು ತನ್ನ ಬಂದರುಗಳಿಗೆ ಸೇರಿಸುವುದಿಲ್ಲ. ನಮ್ಮಲ್ಲಿ ಎಂಪೆಡಾ, ಅಂದರೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಆ ಪ್ರಮಾಣಪತ್ರದ ಕೆಲಸವನ್ನು ನೋಡಿಕೊಳ್ಳುತ್ತದೆ. ಇದೇ ನಿಯಮದಡಿ ಒಕ್ಕೂಟವು ಶ್ರೀಲಂಕಾಕ್ಕೆ 2014ರಲ್ಲಿ ಕೆಂಪು ಕಾರ್ಡು ಕೊಟ್ಟು ಅಲ್ಲಿನ ಮೀನನ್ನು ನಿಷೇಧಿಸಿತು ಮತ್ತು ಆ ದೇಶ ತನ್ನ ಬೋಟುಗಳ ಮೇಲಿನ ನಿಗಾ ಬಿಗಿಗೊಳಿಸಿದ ಬಳಿಕ 2016ರಲ್ಲಿ ನಿಷೇಧವನ್ನು ತೆಗೆಯಿತು. ಥಾಯ್ಲೆಂಡಿಗೆ 2015ರಲ್ಲಿ ಎಚ್ಚರಿಕೆಯಾಗಿ ಕೊಟ್ಟ ಹಳದಿ ಕಾರ್ಡು 2019ರವರೆಗೆ ಉಳಿಯಿತು. ಆಗ್ನೇಯ ಏಷ್ಯಾದ ದೇಶಗಳು ಆಸ್ಟ್ರೇಲಿಯಾದ ಜೊತೆಗೂಡಿ ಅಕ್ರಮ ಮೀನುಗಾರಿಕೆಯ ವಿರುದ್ಧ ಪ್ರಾದೇಶಿಕ ಕಾರ್ಯಯೋಜನೆಯೊಂದನ್ನು ಒಪ್ಪಿಕೊಂಡದ್ದು 2007ರಲ್ಲಿ. ಅಂದರೆ ಸರ್ಕಾರಗಳ ನಡುವಿನ ಮಾತುಕತೆ ಮೊದಲೇ ನಡೆದಿತ್ತು. ಆದರೂ ಕೊಳ್ಳುವವನು ಕಾಗದ ಕೇಳಿದಾಗ ಬಂದರಿನಲ್ಲಿ ಆದ ಬದಲಾವಣೆಯ ವೇಗವೇ ಬೇರೆ. ಯೂರೋಪಿಗೆ ಹೋಗುವ ಬೊಂಡಾಸಿಗೆ (ಸ್ಕ್ವಿಡ್) ಕೇಳುವ ಪ್ರಶ್ನೆಯನ್ನು ಹಾಸನಕ್ಕೆ ಬರುವ ಬಂಗುಡೆಗೆ ಕೇಳಬಾರದೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ ಎಂದುಕೊಂಡೇ ನಾನು ಕೆಲಸ ಶುರುಮಾಡಿದೆ.

ಮೊದಲು ಕೈಗೆತ್ತಿಕೊಂಡದ್ದು ಮರಿಮೀನಿನ ವಿಷಯ, ಏಕೆಂದರೆ ಅದು ಅಂಗಡಿಯಲ್ಲಿ ಕುಳಿತೇ ಪತ್ತೆಯಾಗುವ ತಪ್ಪು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಿಫಾರಸಿನ ಆಧಾರದ ಮೇಲೆ ಕೇರಳ ಸರ್ಕಾರವು 2015ರಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿತು. ಅದರಂತೆ ಬೂತಾಯಿ (ಮತ್ತಿ) 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಇರಬೇಕು. ನಾನು ಈ ಎರಡು ಅಳತೆಗಳನ್ನೇ ನನ್ನ ಅಂಗಡಿಯ ನಿಯಮವಾಗಿ ಇಟ್ಟುಕೊಂಡೆ. ಅಂಗೈ ಅಗಲದ ಹಲಗೆಯೊಂದರ ಒಂದು ತುದಿಗೆ ಅಡ್ಡಪಟ್ಟಿ ಹೊಡೆದು, ಅಲ್ಲಿಂದ 10 ಮತ್ತು 14 ಸೆಂಟಿಮೀಟರಿಗೆ ಗರಗಸದಿಂದ ಗೀರು ಎಳೆಸಿದ್ದೇನೆ. ಮೀನಿನ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿ ಮಲಗಿಸಿದರೆ ಬಾಲದ ತುದಿ ಗೀರನ್ನು ದಾಟಬೇಕು. ಬಾಲದ ಕವಲಿನವರೆಗೆ ಮಾತ್ರ ಅಳೆಯುವ ಪದ್ಧತಿಯೂ ಉಂಟು, ಆದರೆ ಈ ಅಳತೆಗಳು ಪೂರ್ತಿ ಉದ್ದಕ್ಕೆ ಸಂಬಂಧಿಸಿದವು. ಕ್ರೇಟಿನ ಮೇಲ್ಪದರದಿಂದ ಮೀನು ತೆಗೆದು ಅಳೆಯುವುದು ವ್ಯರ್ಥ, ಅಲ್ಲಿ ದೊಡ್ಡ ಮೀನನ್ನೇ ಹರಡಿರುತ್ತಾರೆ. ಐಸನ್ನು ಸರಿಸಿ ನಡುವಿನಿಂದಲೂ ಅಡಿಯಿಂದಲೂ ಒಂದೊಂದು ಹಿಡಿ ತೆಗೆಯಬೇಕು.

ದಕ್ಕೆಯಲ್ಲಿ ನನಗೆ ಮಾಲು ಕಳುಹಿಸುವ ಏಜೆಂಟರು ಮೊದಲ ಬಾರಿಗೆ ನನ್ನ ಷರತ್ತು ಕೇಳಿದಾಗ, "ಇಲ್ಲಿ ಹರಾಜು ಕೂಗುವಾಗ ಯಾರು ಮಾರಾಯ್ರೆ ಸ್ಕೇಲು ಹಿಡ್ಕೊಂಡು ನಿಲ್ಲುದು?" ಎಂದು ನಕ್ಕರು. ಅವರ ಮಾತಿನಲ್ಲಿ ಹುರುಳಿತ್ತು. ಹರಾಜು ನಿಮಿಷಗಳಲ್ಲಿ ಮುಗಿಯುತ್ತದೆ, ಮತ್ತು ಇಡೀ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಬಿದ್ದ ಹಿಂಡಿನಲ್ಲಿ ದೊಡ್ಡದು ಸಣ್ಣದು ಕಲೆತೇ ಇರುತ್ತದೆ. ಆದ್ದರಿಂದ ನಾನು ಒಂದೆರಡು ಸಣ್ಣ ಮೀನಿಗೆ ತಕರಾರು ತೆಗೆಯುವುದಿಲ್ಲ. ತೆಗೆದ ಹಿಡಿಯಲ್ಲಿ ಅರ್ಧಕ್ಕರ್ಧ ಗೀರು ಮುಟ್ಟದಿದ್ದರೆ ಆ ಕ್ರೇಟಿಗೆ ಮುಂದಿನ ಲೆಕ್ಕದಲ್ಲಿ ದರ ಕಡಿತವಾಗುತ್ತದೆ ಎಂದು ಒಪ್ಪಂದ ಮಾಡಿಕೊಂಡೆ. ಬದಲಿಗೆ ಅಳತೆಗೆ ಒಪ್ಪುವ ಮೀನಿಗೆ ಕಿಲೋ ಮೇಲೆ ಸ್ವಲ್ಪ ಹೆಚ್ಚು ಕೊಡುತ್ತೇನೆ. ಬೈಗುಳಕ್ಕೆ ಬಗ್ಗದ ವ್ಯವಹಾರ ದರಕ್ಕೆ ಬಗ್ಗಿತು. ಹಾಗೆಂದು ನಾನು ಬೇಡವೆಂದ ಮರಿಮೀನು ಕಡಲಿಗೆ ಮರಳಿತು ಎಂದು ಯಾರೂ ತಿಳಿಯಬಾರದು. ಅದು ಇನ್ನೊಂದು ಊರಿಗೆ ಹೋಗುತ್ತದೆ, ಇಲ್ಲವೇ ಕೋಳಿ ಮತ್ತು ಸಿಗಡಿ ಆಹಾರಕ್ಕಾಗಿ ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಆ ಕಾರ್ಖಾನೆಗಳು ಇರುವವರೆಗೆ ಮರಿಮೀನಿಗೆ ಒಂದು ಕನಿಷ್ಠ ಬೆಲೆ ಇದ್ದೇ ಇರುತ್ತದೆ ಎಂಬುದು ಈ ಇಡೀ ಸಮಸ್ಯೆಯಲ್ಲಿ ನನಗೆ ಅತ್ಯಂತ ಕಠಿಣವಾಗಿ ಕಾಣುವ ಗಂಟು.

ಗ್ರಾಹಕರನ್ನು ಒಪ್ಪಿಸುವುದು ಏಜೆಂಟರನ್ನು ಒಪ್ಪಿಸುವುದಕ್ಕಿಂತ ನಿಧಾನದ ಕೆಲಸವಾಗಿತ್ತು. "ಸಣ್ಣದೇ ರುಚಿ ಕಣಣ್ಣ, ಹುರಿದ್ರೆ ಮುಳ್ಳು ಸಮೇತ ತಿನ್ಬೋದು" ಎನ್ನುವವರಿಗೆ ಪರಿಸರದ ಪಾಠ ಹೇಳಿ ಪ್ರಯೋಜನವಿಲ್ಲ. ನಾನು ತಕ್ಕಡಿಯಲ್ಲಿ ತೋರಿಸಿದೆ. ಹತ್ತು ಸೆಂಟಿಮೀಟರಿನ ಬೂತಾಯಿ ಕಿಲೋಗೆ ನೂರರ ಮೇಲೆ ತೂಗುತ್ತದೆ. ಹದಿನಾರು ಸೆಂಟಿಮೀಟರಿಗೆ ಬೆಳೆದದ್ದಾದರೆ ಮೂವತ್ತರ ಆಸುಪಾಸಿನಲ್ಲಿ ಕಿಲೋ ತುಂಬುತ್ತದೆ. ಉದ್ದ ಒಂದೂವರೆ ಪಟ್ಟು ಆಗುವಷ್ಟರಲ್ಲಿ ತೂಕ ಮೂರು ನಾಲ್ಕು ಪಟ್ಟು ಏರುತ್ತದೆ ಎಂಬುದನ್ನು ಕಣ್ಣಾರೆ ಕಂಡವರು, ತಲೆ ಮತ್ತು ಕರುಳು ತೆಗೆದ ಮೇಲೆ ಉಳಿಯುವ ಮಾಂಸದ ಲೆಕ್ಕವನ್ನು ತಾವೇ ಹಾಕಿಕೊಂಡರು. ನೆತ್ತೋಲಿಯಂತಹ ಮೀನುಗಳು ಬೆಳೆದರೂ ಸಣ್ಣವೇ ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ, ಇಲ್ಲದಿದ್ದರೆ ಅವನ್ನು ಮಾರುವಾಗ ನನ್ನ ನಿಯಮವೇ ನನಗೆ ತಿರುಗಿ ಬೀಳುತ್ತದೆ. ಬೂತಾಯಿಯ ವಿಷಯದಲ್ಲಿ ಈ ಎಚ್ಚರ ಅತಿಯಾದದ್ದೇನಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಇದೇ ಮೀನು 2021ರಲ್ಲಿ 3,297 ಟನ್‌ಗೆ ಇಳಿದಿತ್ತು. ಅದಕ್ಕೆ ಎಲ್ ನಿನೋದಂತಹ ಕಡಲಿನ ಏರುಪೇರುಗಳು ಮುಖ್ಯ ಕಾರಣವೆಂದು ವಿಜ್ಞಾನಿಗಳು ಹೇಳಿದ್ದಾರೆ; ಆದರೆ ಕಡಲೇ ಕೈಕೊಡುವ ವರ್ಷಗಳಲ್ಲಿ ಮರಿಯನ್ನೂ ಬಾಚಿದರೆ ಮರುವರ್ಷಕ್ಕೆ ಏನು ಉಳಿಯುತ್ತದೆ?

ಎರಡನೆಯದು ಮಳೆಗಾಲದ ನಿಷೇಧ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಎಂಜಿನ್ ಇದ್ದರೂ, ಅವಕಾಶವಿದೆ. ಈ ನಿಯಂತ್ರಣಗಳಿಗೆಲ್ಲ ಬುನಾದಿ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಈ ಎರಡು ತಿಂಗಳಲ್ಲಿ ಹಾಸನದ ಅಂಗಡಿಗಳಲ್ಲಿ ಕಾಣುವ ಕಡಲ ಮೀನೆಲ್ಲ ಕದ್ದದ್ದು ಎಂದು ಆರೋಪಿಸುವುದು ಸರಿಯಲ್ಲ. ನಾಡದೋಣಿಯ ಸಿಗಡಿ ಬರುತ್ತದೆ, ಶೀತಲಗೃಹದಲ್ಲಿ ಇಟ್ಟದ್ದು ಬರುತ್ತದೆ, ಪೂರ್ವ ಕರಾವಳಿಯಿಂದಲೂ ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುವಿನ ನಂತರ ತಮಿಳುನಾಡು ಮತ್ತು ಆಂಧ್ರದ ಬೋಟುಗಳ ಮೀನು ಪೂರ್ತಿ ಸಕ್ರಮ.

ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ನೋಡಿದರೆ ಗಟ್ಟಿಯಾಗಿ ಪ್ರಶ್ನಿಸಬೇಕಾದ ಅವಧಿ ಜೂನ್ ತಿಂಗಳ ಮೊದಲ ಎರಡು ವಾರಗಳು. ಆಗ ಎರಡೂ ಕರಾವಳಿಗಳು ಮುಚ್ಚಿರುತ್ತವೆ. ಕೇರಳವೊಂದೇ ಸ್ವಲ್ಪ ಭಿನ್ನ, ಅದರ 52 ದಿನಗಳ ಟ್ರಾಲಿಂಗ್ (ಬೋಟಿನ ಹಿಂದೆ ಚೀಲದಂತಹ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಆರಂಭವಾಗುತ್ತದೆ. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಕಡಲು ಆಯಾ ರಾಜ್ಯದ ಅಧೀನದಲ್ಲಿಯೂ ಅದರಾಚೆ ಕೇಂದ್ರದ ಅಧೀನದಲ್ಲಿಯೂ ಇರುವುದರಿಂದ ಇಂತಹ ವ್ಯತ್ಯಾಸಗಳು ಉಳಿದಿವೆ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲದಿದ್ದರೂ ವ್ಯಾಪಾರಿಗಳಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಹಾಗಾಗಿ ಆ ಎರಡು ವಾರಗಳಲ್ಲಿ "ಇವತ್ತಿನ ತಾಜಾ ಅಂಜಲ್" ಎಂದು ಯಾರಾದರೂ ಫೋನು ಮಾಡಿದರೆ, ಯಾವ ಬಂದರಿನದು, ಯಾವ ದೋಣಿಯದು ಎಂದು ಕೇಳುತ್ತೇನೆ. ಉತ್ತರ ತಡವರಿಸಿದರೆ ಮಾಲು ತರಿಸುವುದಿಲ್ಲ. ಆಗ ಅಂಗಡಿ ನಡೆಯುವುದು ಸಾಕಿದ ಕಾಟ್ಲಾ, ರೋಹು ಮತ್ತು ಒಣಮೀನಿನಿಂದ. ಮಲೆನಾಡಿನ ಕಡೆ ಮಳೆಗಾಲಕ್ಕೆ ಒಣಮೀನು ಕೂಡಿಡುವ ರೂಢಿ ಹೇಗೂ ಇದೆ. ಕೆಲವು ಹೋಟೆಲಿನವರು ವರ್ಷಪೂರ್ತಿ ಹಸಿ ಅಂಜಲ್ ಬೇಕೆಂದು ನನ್ನನ್ನು ಬಿಟ್ಟು ಬೇರೆ ಕಡೆ ಹೋದರು. ಆ ನಷ್ಟವನ್ನು ತುಂಬಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ತಾಟೆ (ಶಾರ್ಕ್) ಮತ್ತು ತೊರಕೆಯ (ರೇ ಮೀನು) ವಿಷಯದಲ್ಲಿ ನನ್ನ ನಿಯಮ ಸರಳ: ಇಡೀ ಮೀನು ಬಂದರೆ ಮಾತ್ರ ತೆಗೆದುಕೊಳ್ಳುತ್ತೇನೆ. ತಿಮಿಂಗಿಲ ಶಾರ್ಕ್ ಮತ್ತು ಗರಗಸ ಮೀನುಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ; 2022ರ ತಿದ್ದುಪಡಿಯ ನಂತರ ಸಂರಕ್ಷಿತ ಜಾತಿಗಳ ಪಟ್ಟಿ ಇನ್ನೂ ಉದ್ದವಾಗಿದೆ. ತಲೆ, ರೆಕ್ಕೆ ತೆಗೆದು ತುಂಡು ಮಾಡಿದ ಮಾಂಸದಿಂದ ಜಾತಿಯನ್ನು ಗುರುತಿಸುವುದು ನನ್ನಿಂದಂತೂ ಆಗದು.

ನನ್ನ ಕೈಗೆ ಎಟುಕದೆ ಉಳಿದಿರುವುದು ಬಲೆಯ ಪ್ರಶ್ನೆ. ರಾತ್ರಿ ಪ್ರಖರ ಎಲ್ಇಡಿ ದೀಪ ಹಾಕಿ ಮೀನನ್ನು ಸೆಳೆದು ಬಾಚುವುದನ್ನೂ, ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಟ್ರಾಲ್ ಬಲೆಯ ತುದಿಚೀಲದ ಕಣ್ಣು 35 ಮಿಲಿಮೀಟರಿನ ಚೌಕಾಕಾರದ್ದಿರಬೇಕು ಎಂಬ ನಿಯಮವೂ ಇದೆ. ಆದರೆ ಬೆಳಕಿಗೆ ಮರುಳಾಗಿ ಬಂದ ಬೊಂಡಾಸಿಗೂ ಹಗಲಿನಲ್ಲಿ ಸಿಕ್ಕ ಬೊಂಡಾಸಿಗೂ ಐಸಿನ ಮೇಲೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಇಲ್ಲಿ ನಾನು ಮಾಡಿಕೊಂಡಿರುವ ಏರ್ಪಾಡು ಇಷ್ಟೇ: ಬಿಲ್ಲಿನ ಮೇಲೆ ದರ, ತೂಕದ ಜೊತೆಗೆ ಬಂದರಿನ ಹೆಸರು, ಮೀನು ಇಳಿದ ದಿನಾಂಕ ಮತ್ತು ಬೋಟಿನ ನೋಂದಣಿ ಸಂಖ್ಯೆಯನ್ನು ಬರೆಸುತ್ತೇನೆ. ಬೋಟಿನ ಮೈಮೇಲೆ ದೊಡ್ಡದಾಗಿ ಬರೆದಿರುವ ಆ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಲು ಏಜೆಂಟರಿಗೆ ಹೆಚ್ಚಿನ ಶ್ರಮವೇನಿಲ್ಲ. ನಾಲ್ಕಾರು ಬೋಟುಗಳ ಮೀನು ಕಲೆತು ಬರುವ ದಿನ ಸಂಖ್ಯೆ ಸಿಗುವುದಿಲ್ಲ, ಅಂತಹ ಬಿಲ್ಲಿನ ಮೇಲೆ "ಕಲೆತ ಮಾಲು" ಎಂದೇ ಬರೆಯುತ್ತಾರೆ. ಈ ಕಾಗದದಿಂದ ದೀಪದ ಮೀನುಗಾರಿಕೆ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದಿದೆ. ಯಾವುದಾದರೂ ಬೋಟಿನ ಮೇಲೆ ಮೀನುಗಾರಿಕೆ ಇಲಾಖೆ ಅಥವಾ ಕರಾವಳಿ ಕಾವಲು ಪೊಲೀಸರು ಕ್ರಮ ಕೈಗೊಂಡ ಸುದ್ದಿ ಬಂದರೆ, ಆ ಸಂಖ್ಯೆಯ ಮೀನು ನನಗೆ ಬೇಡ ಎಂದು ಹೇಳಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಒಬ್ಬನೇ ಇದ್ದಾಗ ನನ್ನ ಷರತ್ತುಗಳಿಗೆ ದಕ್ಕೆಯಲ್ಲಿ ಅಷ್ಟು ಬೆಲೆ ಇರಲಿಲ್ಲ, ಏಕೆಂದರೆ ನನ್ನ ಖರೀದಿ ಒಂದು ಪಿಕಪ್ಪಿನ ಮೂಲೆಯನ್ನೂ ತುಂಬುತ್ತಿರಲಿಲ್ಲ. ಈಗ ಹಾಸನದ ಇನ್ನೊಂದು ಅಂಗಡಿಯವರು ಮತ್ತು ಸಕಲೇಶಪುರದಲ್ಲಿ ಕಾಫಿ ತೋಟಗಳ ಕಡೆಗೆ ಮೀನು ಒಯ್ದು ಮಾರುವ ಪರಿಚಯದವರೊಬ್ಬರು ನನ್ನೊಡನೆ ಸೇರಿ ಒಂದೇ ಗಾಡಿಯಲ್ಲಿ ಮಾಲು ತರಿಸುತ್ತಾರೆ. ಬಾಡಿಗೆ ಹಂಚಿಹೋಗುತ್ತದೆ ಎಂಬ ಕಾರಣಕ್ಕೇ ಅವರು ಬಂದದ್ದು, ಅಳತೆಯ ನಿಯಮವನ್ನು ಜೊತೆಗೆ ಒಪ್ಪಿಕೊಂಡರು. ಇಡೀ ಗಾಡಿಯ ಲೋಡು ಎಂದಾದ ಮೇಲೆ ಏಜೆಂಟರು ದಕ್ಕೆಯಲ್ಲಿಯೇ ಮೀನನ್ನು ಆರಿಸಿ ಕಳುಹಿಸುತ್ತಿದ್ದಾರೆ. ನನ್ನದರಂತಹ ಗೀರು ಹಾಕಿದ ಹಲಗೆಯೊಂದನ್ನು ಅವರಿಗೂ ಮಾಡಿಸಿ ಕೊಟ್ಟಿದ್ದೇನೆ.