ಲೈನ್ ಮನೆಗಳಲ್ಲಿ ಗರ್ಭಕಂಠದ ತಪಾಸಣೆ: ಮೂಡಿಗೆರೆಯ ನನ್ನ ಅನುಭವ

ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದು ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಉಳಿಯುವ ಹೆಂಗಸರು ಗರ್ಭಕಂಠದ ತಪಾಸಣೆಗೆ ಒಪ್ಪುವುದೇ ಇಲ್ಲವೆಂದೂ, ಒಪ್ಪಿದರೂ ನರ್ಸ್ ಮಾಡಿದ ವಿಐಎಯನ್ನು (ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ಬರಿಗಣ್ಣಿನಿಂದ ನೋಡುವ ಪರೀಕ್ಷೆ) ನಂಬಲಾಗದೆಂದೂ ಹಿರಿಯ ಸಹೋದ್ಯೋಗಿಗಳು ಹೇಳಿದ್ದರು. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರೇ ವಿಐಎ ಮಾಡಿ ಗರ್ಭಕಂಠದ ಕ್ಯಾನ್ಸರಿನ ಸಾವನ್ನು ಶೇ 31ರಷ್ಟು ತಗ್ಗಿಸಿದ್ದರಿಂದ ನಾನು ಹಿಂಜರಿಯಲಿಲ್ಲ. ಕಳೆದ ಕೊಯ್ಲಿನಲ್ಲಿ ಆರು ತೋಟಗಳಲ್ಲಿ ಸುಮಾರು 230 ಮಂದಿಯನ್ನು ಪರೀಕ್ಷಿಸಿದೆ. ಈಗ ಅದೇ ಸಹೋದ್ಯೋಗಿಗಳು ವಿಧಾನ ಕೇಳುತ್ತಿದ್ದಾರೆ.

ಮೊದಲ ವರ್ಷ ಸೋತಿದ್ದೆ. ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿದ್ದಾಗ, ಪಟ್ಟಣದಲ್ಲಿ ಶಿಬಿರವಿಟ್ಟು ಊಟ, ಜೀಪು, ಶಾಮಿಯಾನವೆಂದು 18 ಸಾವಿರದಷ್ಟು ಖರ್ಚು ಮಾಡಿದೆ. ಬಂದವರು ಹನ್ನೊಂದು ಮಂದಿ. ನೋಂದಣಿ ಪುಸ್ತಕ ತೆರೆದು ಆಧಾರ್ ಕೇಳಿದೊಡನೆ ನಾಲ್ವರು ಎದ್ದು ಹೋದರು. ಕಾಗದಪತ್ರದ ಪ್ರಶ್ನೆ ಅವರಲ್ಲಿ ಎಂಥ ಭಯ ಹುಟ್ಟಿಸುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಬಿಳಿ ಮಚ್ಚೆ ಕಂಡ ಒಬ್ಬಾಕೆಯನ್ನು ಮುಂದಿನ ಪರೀಕ್ಷೆಗೆ ಕರೆಯುವಷ್ಟರಲ್ಲಿ ಅವಳ ಗುಂಪು ರೈಲು ಹತ್ತಿಯಾಗಿತ್ತು.

ಆದ್ದರಿಂದ ಕಳೆದ ಸಲ ಅರೇಬಿಕಾ ಹಣ್ಣಾಗುವ ನವೆಂಬರಿನಲ್ಲೇ ಆರಂಭಿಸಿದೆ. ಮಚ್ಚೆ ಕಂಡವರನ್ನು ಹಿಂಬಾಲಿಸಲು ಮೂರು ತಿಂಗಳು ಸಿಕ್ಕಿತು. ಹೆಸರಿನ ಬದಲು ಸಂಖ್ಯೆಯ ಚೀಟಿ ಕೊಟ್ಟೆ. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವವರು ಹಗಲಿನಲ್ಲಿ ಬರಲಾರರೆಂದು, ತೂಕ ಮುಗಿದ ಮೇಲೆ ತೋಟದ ಶಿಶುವಿಹಾರದಲ್ಲೇ ಮಂಚ ಹಾಕಿದೆ. ಸಂಜೆ ಬೆಳಕೇ ತೊಡಕಾಯಿತು: ಹಳದಿ ಬಲ್ಬಿನಡಿ ಮಚ್ಚೆಯ ಅಂಚು ತಿಳಿಯುವುದಿಲ್ಲ, ಮೊಬೈಲ್ ಹಿಡಿದರೆ ಒಂದು ಕೈ ಹೋಗುತ್ತದೆ. ಹಾಸನದಲ್ಲಿ 650 ರೂಪಾಯಿಗೆ ಕೊಂಡ ಬಿಳಿ ಬೆಳಕಿನ ಹಣೆದೀಪ ಅದನ್ನು ಬಗೆಹರಿಸಿತು. ಹಚ್ಚುವ ಆಮ್ಲಕ್ಕೆ ಮೊದಲು ಅಂಗಡಿಯ ವಿನೆಗರ್ ಬಳಸಿ ನೋಡಿ ಕೈಬಿಟ್ಟೆ. 95 ಮಿಲಿ ಬಟ್ಟಿ ಇಳಿಸಿದ ನೀರಿಗೆ 5 ಮಿಲಿ ಗ್ಲೇಶಿಯಲ್ (ಅಚ್ಚ) ಅಸಿಟಿಕ್ ಆಮ್ಲ ಸೇರಿಸಿ ದಿನವೂ ಹೊಸದಾಗಿ ತಯಾರಿಸಿ, ಹಚ್ಚಿದ ಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾದೆ.

ಹೆಂಗಸರು ಸದಾ ತಾಮೂಲ್ (ಅಡಿಕೆ) ಅಗಿಯುವುದನ್ನು ಕಂಡು, ಪ್ರಯೋಗಕ್ಕೆಂದು ಮೊದಲು ಬಾಯಿ ತಪಾಸಣೆ ಇಟ್ಟುಕೊಂಡೆ. ಇಬ್ಬರಿಗೆ ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಬಾಯಿ ತೋರಿಸಿದವರು ಸಲುಗೆಯಿಂದ ಮಾತಿಗಿಳಿದು, ಗರ್ಭಕಂಠದ ಪರೀಕ್ಷೆಗೂ ಒಪ್ಪಿದರು.

ತಲೆಗೆ 110 ರೂಪಾಯಿಯಂತೆ ಖರ್ಚಾಯಿತು. ಮಚ್ಚೆ ಕಂಡ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕೊಟ್ಟು, ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅವರ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಪರೀಕ್ಷೆ) ಮುಗಿದು, ಅಗತ್ಯವಿದ್ದ ಮೂವರಿಗೆ ಚಿಕಿತ್ಸೆಯೂ ಆಯಿತು. ಒಂಬತ್ತನೆಯಾಕೆ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೊರಟಾಗ ಅವಳ ಭಾಷೆಯಲ್ಲೇ ಚೀಟಿ ಬರೆಸಿ ಕೊಟ್ಟಿದ್ದೇನೆ, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೇನೆ.