ಸಂತ ಮಕ್ರಿನಾಳ ಜೀವನಚರಿತ್ರೆಯನ್ನು ಓದುವ ಬಗೆ

ನಾಲ್ಕನೇ ಶತಮಾನದ ಕ್ರೈಸ್ತ ಸನ್ಯಾಸಿನಿ ಮಕ್ರಿನಾಳನ್ನು ಅರಿಯಬಯಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದುದು, ಆಕೆಯ ತಮ್ಮನೂ ನಿಸ್ಸಾದ ಬಿಷಪ್ಪನೂ ಆಗಿದ್ದ ಗ್ರೆಗರಿ ಗ್ರೀಕ್ ಭಾಷೆಯಲ್ಲಿ ಬರೆದ ‘ಮಕ್ರಿನಾಳ ಜೀವನ’ವನ್ನು. ಪತ್ರವಾಗಿ ಆರಂಭಗೊಂಡು ಪತ್ರದ ಮೇರೆಯನ್ನು ಮೀರಿ ಬೆಳೆದ ಈ ಬರಹ ಗಾತ್ರದಲ್ಲಿ ಚಿಕ್ಕದು. ಆದರೆ ಪವಾಡಗಳನ್ನಷ್ಟೇ ಅರಸುತ್ತ ಓದಿದರೆ ಇದರ ತಿರುಳು ಕೈತಪ್ಪುತ್ತದೆ. ಆಕೆ ದಿನನಿತ್ಯ ಏನು ಮಾಡುತ್ತಿದ್ದಳು, ತನ್ನ ಮನೆಯ ನಡಾವಳಿಯಲ್ಲಿ ಏನನ್ನು ಬದಲಿಸಿದಳು ಎಂಬುದರ ಮೇಲೆ ಕಣ್ಣಿಟ್ಟು ಓದಬೇಕು.

ಓದಲು ತೊಡಗುವ ಮುನ್ನ ಕುಟುಂಬದ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಜ್ಜಿಯ ಹೆಸರೂ ಮಕ್ರಿನಾ. ತಂದೆಯ ಹೆಸರು ಬೆಸಿಲ್, ಕೈಸರಿಯಾದ ಬಿಷಪ್ಪನಾದ ತಮ್ಮನ ಹೆಸರೂ ಬೆಸಿಲ್. ತಾಯಿ ಎಮ್ಮೆಲಿಯಾ, ಬೇಟೆಗೆ ಹೋದಾಗ ಅಕಾಲ ಮರಣಕ್ಕೀಡಾದ ಇನ್ನೊಬ್ಬ ತಮ್ಮ ನೌಕ್ರಾಟಿಯಸ್, ಮಕ್ರಿನಾಳೇ ಸಾಕಿ ವಿದ್ಯೆ ಕಲಿಸಿದ ಕಿರಿಯ ತಮ್ಮ ಪೀಟರ್, ಇವರನ್ನೂ ಗುರುತಿಸಿಕೊಳ್ಳಿ. ಸ್ಥಳವಾಗಿ ನೆನಪಿಡಬೇಕಾದುದು ಇಂದಿನ ಟರ್ಕಿಯ ಉತ್ತರ ಭಾಗದಲ್ಲಿ, ಐರಿಸ್ ನದಿಯ ಬಳಿ ಇದ್ದ ಅನ್ನಿಸಾ ಎಂಬ ಕುಟುಂಬದ ಜಮೀನು.

ಹನ್ನೆರಡರ ವಯಸ್ಸಿನಲ್ಲಿ ತಂದೆ ಗೊತ್ತುಮಾಡಿದ ವರ ಮದುವೆಗೆ ಮುನ್ನವೇ ತೀರಿಕೊಂಡಾಗ, ಸತ್ತವರು ಮತ್ತೆ ಎದ್ದು ಬರುವರೆಂಬ ಪುನರುತ್ಥಾನದ ನಂಬಿಕೆಯಲ್ಲಿ ಆತ ಬದುಕಿಯೇ ಇದ್ದಾನೆ, ದೂರ ಪ್ರಯಾಣ ಹೋದವನಿಗೆ ನಿಷ್ಠೆ ತಪ್ಪುವುದು ಸರಿಯಲ್ಲ ಎಂದು ಮಕ್ರಿನಾ ಬೇರೆ ಸಂಬಂಧಗಳನ್ನು ನಿರಾಕರಿಸಿದಳು. ಈ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ನಿಲ್ಲಬೇಕಾದುದು ಮುಂದಿನ ಪುಟಗಳಲ್ಲಿ. ಸಿರಿವಂತ ಮನೆತನದ ಈ ಮಗಳು ತನ್ನ ಕೈಯಾರೆ ರೊಟ್ಟಿ ಮಾಡಿ ತಾಯಿಗೆ ಬಡಿಸುತ್ತಾಳೆ. ಬಳಿಕ ತಾಯಿಯ ಮನವೊಲಿಸಿ, ದಾಸಿಯರಾಗಿದ್ದವರನ್ನು ಸೋದರಿಯರೆಂದು, ಸಮಾನರೆಂದು ಕಾಣುವಂತೆ ಮಾಡುತ್ತಾಳೆ. ಎಲ್ಲರಿಗೂ ಒಂದೇ ಊಟದ ಮೇಜು, ಒಂದೇ ಬಗೆಯ ಹಾಸಿಗೆ. ಗುಲಾಮಗಿರಿ ಸಹಜವೆಂದೇ ಭಾವಿಸಿದ್ದ ರೋಮನ್ ಸಮಾಜದಲ್ಲಿ ಇದು ನಡೆಯಿತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪುಟಗಳನ್ನು ಎರಡು ಬಾರಿ ಓದಿ. ನನ್ನ ದೃಷ್ಟಿಯಲ್ಲಿ ಇಡೀ ಕೃತಿಯ ಹೃದಯ ಇದೇ. ಬರಗಾಲದಲ್ಲಿ ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿ ತಂದು ಸಾಕಿದ ಸಂಗತಿಯನ್ನೂ ಇದರೊಡನೆ ಸೇರಿಸಿ ನೋಡಬೇಕು.

ಕ್ರಿ.ಶ. 379ರ ಸುಮಾರಿಗೆ ಸಂಭವಿಸಿದ ಆಕೆಯ ಮರಣದ ವರ್ಣನೆಯಲ್ಲಿ ವಸ್ತುಗಳನ್ನು ಗಮನಿಸಿ. ಜ್ವರದಿಂದ ಬಳಲುತ್ತಿದ್ದ ಮಕ್ರಿನಾ ಮಲಗಿದ್ದುದು ನೆಲದ ಮೇಲಿನ ಹಲಗೆಯಲ್ಲಿ. ಅಂತ್ಯಸಂಸ್ಕಾರಕ್ಕೆ ಒಳ್ಳೆಯ ಉಡುಪೇನಾದರೂ ಇದೆಯೇ ಎಂದು ಗ್ರೆಗರಿ ವಿಚಾರಿಸಿದಾಗ, ಚರ್ಚ್‌ನ ಸೇವೆಗೆ ದೀಕ್ಷೆ ಪಡೆದಿದ್ದ ಲಂಪಾಡಿಯಾ ಎಂಬ ಡೀಕನೆಸ್, ಮಕ್ರಿನಾಳ ಮೇಲಂಗಿ, ತಲೆವಸ್ತ್ರ, ಸವೆದ ಪಾದರಕ್ಷೆಗಳನ್ನು ತೋರಿಸಿ, ಇಷ್ಟೇ ಆಕೆಯ ಆಸ್ತಿ ಎನ್ನುತ್ತಾಳೆ. ಕೊರಳಲ್ಲಿ ಕಬ್ಬಿಣದ ಶಿಲುಬೆ ಮತ್ತು ಒಂದು ಉಂಗುರ ಸಿಗುತ್ತವೆ. ಕೊನೆಗೆ ಆಕೆಯ ದೇಹಕ್ಕೆ ಹೊದಿಸಿದ್ದು ತಾಯಿಯ ಕಪ್ಪು ಹೊದಿಕೆಯನ್ನು.

ಇದಾದ ಮೇಲೆ ‘ಆತ್ಮ ಮತ್ತು ಪುನರುತ್ಥಾನ’ ಎಂಬ ಗ್ರೆಗರಿಯ ಸಂವಾದವನ್ನು ಓದಬಹುದು. ಅಲ್ಲಿ ಮರಣಶಯ್ಯೆಯಲ್ಲಿರುವ ಅಕ್ಕ ಗುರುವಾಗಿ ಬೋಧಿಸುತ್ತಾಳೆ, ಬಿಷಪ್ಪನಾದ ತಮ್ಮ ಶಿಷ್ಯನಾಗಿ ಸಂದೇಹಗಳನ್ನು ಮುಂದಿಡುತ್ತಾನೆ. ಸಾಕ್ರೆಟಿಸನ ಕೊನೆಯ ಗಳಿಗೆಗಳನ್ನು ಚಿತ್ರಿಸಿದ ಪ್ಲೇಟೋನ ಸಂವಾದದ ಮಾದರಿ ಇಲ್ಲಿ ಎದ್ದು ಕಾಣುವುದರಿಂದ, ಪ್ರತಿಯೊಂದು ಮಾತನ್ನೂ ಆಕೆಯ ಬಾಯಿಂದಲೇ ಬಂದುದೆಂದು ಉದ್ಧರಿಸುವುದು ಯುಕ್ತವಲ್ಲ. ಹೀಗಿದ್ದರೂ ಒಬ್ಬ ಹೆಣ್ಣನ್ನು ಸಾಕ್ರೆಟಿಸನ ಸ್ಥಾನದಲ್ಲಿ ಕೂರಿಸಲು ಗ್ರೆಗರಿ ಹಿಂಜರಿಯಲಿಲ್ಲ ಎಂಬುದು ಗೌರವದಿಂದ ಗಮನಿಸತಕ್ಕ ವಿಷಯ.

ಆಕೆಯ ಪರಂಪರೆಯನ್ನು ಹುಡುಕುವಾಗ ಬೆಸಿಲನ ಬಳಿಗೆ ಹೋಗಿ. ಅಥೆನ್ಸ್‌ನಿಂದ ವಿದ್ಯೆಯ ಹೆಮ್ಮೆಯೊಡನೆ ಮರಳಿದ ಆತನನ್ನು ತಪಸ್ಸಿನ ಬದುಕಿಗೆ ತಿರುಗಿಸಿದವಳು ಅಕ್ಕನೇ ಎಂದು ಗ್ರೆಗರಿ ಹೇಳುತ್ತಾನೆ; ಬೆಸಿಲನಾದರೋ ನಮಗೆ ಉಳಿದು ಬಂದಿರುವ ತನ್ನ ಬರಹಗಳಲ್ಲಿ ಆಕೆಯ ಹೆಸರನ್ನೇ ಎತ್ತುವುದಿಲ್ಲ. ಪೂರ್ವ ದೇಶಗಳ ಕ್ರೈಸ್ತ ಸನ್ಯಾಸ ಜೀವನಕ್ಕೆ ತಳಹದಿಯಾದ ಬೆಸಿಲನ ನಿಯಮಗಳಲ್ಲಿ ಒಟ್ಟಾಗಿ ಬಾಳುವುದು, ಕೈಕೆಲಸ, ಬಡವರ ಸೇವೆ ಕುರಿತ ಭಾಗಗಳನ್ನು ಗುರುತುಹಾಕಿಕೊಂಡು, ಅನ್ನಿಸಾದ ಮನೆಯ ವರ್ಣನೆಯ ಪಕ್ಕದಲ್ಲಿಟ್ಟು ಓದಿ.